ಹೆಳವರ ಹೇಳಿಕೆ, ಜರ್ಮನ್ ಮರಣವಾರ್ತೆ: ವಂಶ ಹುಡುಕುವ ಓದಿನ ಬಗ್ಗೆ

ಗಡಹಿಂಗ್ಲಜ ಕಡೆಯ ನಮ್ಮ ಕನ್ನಡ ಮಂದಿಗೆ ವಂಶಾವಳಿ ಅಂದ ಕೂಡಲೇ ನೆನಪಾಗುವವರು ಹೆಳವರು. ಎತ್ತಿನ ಮೇಲೆ ಬಂದು, ಮನೆತನದ ಹಿರೀಕರ ಹೆಸರು ಹೇಳಿ, ಕಾಳುಕಡಿ ಒಯ್ಯುವವರು. ಅವರ ಹೇಳಿಕೆ ಹೆಚ್ಚಾಗಿ ತಂದೆಯಿಂದ ಮಗನಿಗೆ ಇಳಿಯುತ್ತದೆ. ಸೊಸೆಯ ತವರು ಹಿಂದೆ ಉಳಿಯುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಕನ್ನಡಕ್ಕೆ ದುಡಿದ ಬಾಸೆಲ್ ಮಿಶನ್ನಿನ ಜರ್ಮನ್ ಕುಟುಂಬಗಳನ್ನು ನೋಡೋಣ.

ಜರ್ಮನ್ ಮರಣವಾರ್ತೆಯಲ್ಲಿ ಮದುವೆಯಾದ ಹೆಂಗಸಿನ ಹೆಸರಾದ ಮೇಲೆ 'ಗೆಬ್.' ಎಂದು ಬರೆಯುವ ರೂಢಿಯುಂಟು. 'ಗೆಬೊರೆನೆ', ಅಂದರೆ ಇಂಥ ಮನೆಯಲ್ಲಿ ಹುಟ್ಟಿದವಳು. ಅದರ ನಂತರ ತವರಿನ ಹೆಸರು. ವಂಶ ಹುಡುಕುವವರಿಗೆ ಇದೇ ಕೀಲಿಕೈ. ಫರ್ಡಿನಾಂಡ್ ಕಿಟೆಲ್ (1832–1903) ಅವರ ಮೊದಲ ಹೆಂಡತಿ ಪೌಲೀನೆ. ಆಕೆ ತೀರಿದ ಮೇಲೆ ಮದುವೆಯಾದದ್ದು ಯೂಲಿಯೆಯನ್ನು. ಇಬ್ಬರ ತವರೂ ಐತ್, ಅಕ್ಕತಂಗಿಯರು. ಹರ್ಮನ್ ಮೋಗ್ಲಿಂಗ್ ಮದುವೆಯಾದದ್ದು ತಮ್ಮ ಬಂಧು, ಸಹೋದ್ಯೋಗಿ ವೈಗ್ಲೆಯವರ ವಿಧವೆಯನ್ನು. ನಮ್ಮ ವಿಮರ್ಶೆಯೋ, 1894ರ ನಿಘಂಟು ಅಂದರೆ ಕಿಟೆಲ್ ಒಬ್ಬರೇ ಕೂತು ಬರೆದ ಚಿತ್ರವನ್ನೇ ಬಿಡಿಸುತ್ತ ಬಂದಿದೆ. ಆ ಮನೆ ಯಾರ ಮೇಲೆ ನಿಂತಿತ್ತು ಅಂತ ಕೇಳಿದ್ದು ಕಡಿಮೆ.

ಹಾಗಂತ ಮರಣವಾರ್ತೆಯೊಂದನ್ನೇ ನಂಬಿದರೂ ತಪ್ಪು. ಅದು ನಂಟು ಹೇಳುತ್ತದೆ, ಬಾಳು ಹೇಳುವುದಿಲ್ಲ. ಬಾಳಿಗೆ ಪತ್ರ ಬೇಕು. ಪತ್ರದಲ್ಲೂ ಬಾಸೆಲ್ ಸಮಿತಿಗೆ ಬರೆದದ್ದು ವರದಿ. ಮನೆಗೆ ಬರೆದದ್ದರ ದನಿ ಬೇರೆ. ಮೇಲಾಗಿ ಹಳೆಯ ಕುರೆಂಟ್ ಕೈಬರಹ ಇಂದಿನ ಜರ್ಮನ್ನರಿಗೂ ತೊಡಕೇ. ಒಂದಕ್ಷರ ತಪ್ಪಿ ಓದಿದರೆ ಮನೆತನವೇ ಬದಲಾದೀತು.

ಮಂಗಳೂರಿನ ಸಾರಸ್ವತ ತರುಣ ಆನಂದರಾಯ ಕೌಂಡಿನ್ಯರನ್ನೇ ನೋಡ್ರಿ. 1844ರಲ್ಲಿ ಕ್ರೈಸ್ತರಾದರು, ಬಾಸೆಲ್‌ನಲ್ಲಿ ಓದಿದರು, ಮುಂದೆ ಜರ್ಮನ್ ಮಹಿಳೆ ಮಾರಿ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಮೋಗ್ಲಿಂಗ್ ಅವರನ್ನು ಮಗನೆಂದೇ ಕಂಡರು. 'ಗೆಬ್.' ಮಾರಿಯವರ ತವರನ್ನು ತೋರಿಸೀತು. ಈ ಸಾಕುತಂದೆಯನ್ನು ತೋರಿಸದು. ರಕ್ತದ ನಕ್ಷೆಯಲ್ಲಿ ಮೋಗ್ಲಿಂಗರಿಗೆ ಜಾಗವೇ ಇಲ್ಲ. ಅವರಿಲ್ಲದೆ ಈ ಮನೆತನದ ಕತೆಯೂ ಇಲ್ಲ.

ಪ್ರಶ್ನೆ (ವಿದ್ಯಾರ್ಥಿನಿ): ಹಾಗಾದ್ರ ಯಾವುದನ್ನ ಮೊದಲು ಓದಬೇಕ್ರಿ ಸರ್?

ಉತ್ತರ: ಮೊದಲು ಮರಣವಾರ್ತೆ, ಹೆಸರು ಮತ್ತು ತಾರೀಖಿಗಾಗಿ. ಆಮೇಲೆ ಪತ್ರಗಳು. ಮತ್ತೆ ಮರಣವಾರ್ತೆಗೆ ಮರಳಿ, ಪತ್ರದಲ್ಲಿದ್ದ ಯಾರ ಹೆಸರು ಇಲ್ಲಿ ಬಿಟ್ಟುಹೋಗಿದೆ ಅಂತ ನೋಡಬೇಕು. ಸಂಶೋಧನೆ ಶುರುವಾಗೋದು ಆ ಬಿಟ್ಟ ಹೆಸರಿನಿಂದ. ನಿಮ್ಮೂರಿಗೆ ಹೆಳವರು ಬಂದಾಗ ಅಜ್ಜಿಯ ತವರನ್ನೂ ಕೇಳ್ರಿ, ಬರೆದಿಟ್ಟುಕೊಳ್ರಿ.