ಹಿಟ್ಟಿನ ಕೋಳಿ ಕೂಗಿದ್ದೇಕೆ?

ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಹೋದರೆ ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ಎಳ್ಳುಬೆಲ್ಲ, ಕಬ್ಬಿನ ತುಂಡು, ಬಾಳೆಹಣ್ಣು ಎಲ್ಲ ತೆಗೆದುಕೊಂಡು, ಸಕ್ಕರೆ ಅಚ್ಚಿನ ಹತ್ತಿರ ಬಂದಾಗ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಬೃಂದಾವನ, ಗೋಪುರ ಒಳಗೆ ಹೋಗುತ್ತಿದ್ದವು. ಗಿಳಿ, ಆನೆ, ಕೋಳಿ ನನ್ನ ತಟ್ಟೆಗೇ ವಾಪಸ್. “ಇವು ಬ್ಯಾಡ ಕಣಮ್ಮ. ನಮ್ಮ ಹುಡುಗ್ರು ಮೊದ್ಲು ಕತ್ತಿಗೇ ಬಾಯಿ ಹಾಕ್ತವೆ.” ಜೈನರ ಮನೆ ಎಂದಷ್ಟೇ ಗೊತ್ತಿದ್ದ ನನಗೆ ಅದು ಮಡಿ ಹೆಚ್ಚಾದದ್ದರ ಹಾಗೆ ಕಾಣುತ್ತಿತ್ತು. ಬಿ.ಎ. ತರಗತಿಯಲ್ಲಿ ಜನ್ನನ ‘ಯಶೋಧರ ಚರಿತೆ’ ಓದುವಾಗ ಹೊಳೆಯಿತು: ಅಜ್ಜಿಗೆ ಗಿಳಿಯ ಚಿಂತೆ ಇರಲಿಲ್ಲ, ಮೊಮ್ಮಕ್ಕಳ ಹಲ್ಲಿನ ಚಿಂತೆ ಇತ್ತು.

ಕೊಲ್ಲುವ ಮನಸ್ಸೇ ಕೊಲೆ ಎಂಬ ಈ ಕಠಿಣ ಮಾತಿಗೆ ಜೈನ ಪರಂಪರೆ ಒಂದೇ ಹೆಜ್ಜೆಗೆ ಬಂದು ಮುಟ್ಟಲಿಲ್ಲ. ಶ್ವೇತಾಂಬರ ಆಗಮಗಳಲ್ಲೊಂದಾದ ಸೂತ್ರಕೃತಾಂಗದಲ್ಲಿ ಒಂದು ಜಗಳ ಬರುತ್ತದೆ. ಹಿಂಡಿಯ ಮುದ್ದೆಯನ್ನು ಮನುಷ್ಯನೆಂದು ತಿಳಿದು ಶೂಲಕ್ಕೆ ಚುಚ್ಚಿದವನು ಕೊಲೆಗಾರ, ಮನುಷ್ಯನನ್ನೇ ಹಿಂಡಿಯೆಂದು ತಿಳಿದು ಚುಚ್ಚಿದವನು ಅಲ್ಲ ಎಂದು ಬೌದ್ಧರು ವಾದಿಸುತ್ತಾರೆ. ಸೋರೆಕಾಯಿ ಮತ್ತು ಕೂಸಿನ ಉದಾಹರಣೆಯೂ ಇದೆ. ಆರ್ದ್ರಕನೆಂಬ ಜೈನ ಮುನಿ ಇದನ್ನು ತಳ್ಳಿಹಾಕುತ್ತಾನೆ: ಮನುಷ್ಯನಿಗೂ ಹಿಂಡಿಗೂ ಇರುವ ವ್ಯತ್ಯಾಸ ನೋಡದಿರುವುದೇ ತಪ್ಪಲ್ಲವೇ? ಆ ಕಡೆ ಬೌದ್ಧರ ಮಜ್ಝಿಮ ನಿಕಾಯದ ಉಪಾಲಿ ಸುತ್ತದಲ್ಲಿ, ಮನಸ್ಸಿನ ಕೃತ್ಯಕ್ಕಿಂತ ದೇಹದ ಕೃತ್ಯವೇ ಭಾರವೆಂದು ಹೇಳುವವರು ಜೈನರು. ಶತಮಾನಗಳು ಉರುಳಿದ ಮೇಲೆ ಅದೇ ಜೈನರು ಯಶೋಧರನೆಂಬ ರಾಜನನ್ನು ಹಿಟ್ಟಿನ ಕೋಳಿ ಕಡಿದ ತಪ್ಪಿಗೆ ಜನ್ಮಜನ್ಮ ಅಲೆಸುವ ಕತೆ ಹೇಳಿದರು, ಪ್ರಾಕೃತ, ಸಂಸ್ಕೃತ, ಅಪಭ್ರಂಶ, ಕನ್ನಡಗಳಲ್ಲಿ ಮತ್ತೆ ಮತ್ತೆ ಹೇಳಿದರು. ಎದುರಾಳಿಯ ವಾದದಲ್ಲಿ ಅರ್ಧ ಸತ್ಯವಿದೆ ಎಂದು ಒಳಗೊಳಗೇ ಒಪ್ಪಿಕೊಂಡು ಅದನ್ನು ಅರಗಿಸಿಕೊಂಡ ರೀತಿ ಇದು. ನನಗೆ ಈ ಪರಂಪರೆಯಲ್ಲಿ ಅತ್ಯಂತ ಇಷ್ಟವಾಗುವುದು ಈ ಅರಗಿಸಿಕೊಳ್ಳುವ ಶಕ್ತಿ.

ಅರ್ಧ ಎಂದೆ. ಕಾರಣ, ಅವರು ದೇಹದ ಎಚ್ಚರವನ್ನೂ ಬಿಡಲಿಲ್ಲ. ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಾಣಹರಣದ ಜೊತೆಗೇ ‘ಪ್ರಮಾದ’ವನ್ನು ಇಟ್ಟಿತು. ಮೈಮರೆತವನಿಗೆ ‘ಗೊತ್ತಿರಲಿಲ್ಲ’ ಎಂಬ ನೆಪ ಅಲ್ಲಿ ಸಿಗುವುದಿಲ್ಲ. ಮುಂದೆ ಶ್ರಾವಕರಿಗಾಗಿ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದರು: ಅಡುಗೆಮನೆಯದು, ಕಸುಬಿನದು, ಆತ್ಮರಕ್ಷಣೆಯದು, ಮತ್ತು ಬೇಕೆಂದೇ ಮಾಡುವ ಸಂಕಲ್ಪ ಹಿಂಸೆ. ಗೃಹಸ್ಥ ಪೂರ್ತಿ ಬಿಡಬೇಕಾದದ್ದು ಕೊನೆಯದನ್ನು.

ನನ್ನ ತಕರಾರು ಶುರುವಾಗುವುದು ಇಲ್ಲಿ. 959ರಲ್ಲಿ ‘ಯಶಸ್ತಿಲಕ’ ಬರೆದ ಸೋಮದೇವಸೂರಿ ಇದೇ ಯಶೋಧರನ ಕತೆಯ ನಡುವೆ ಒಂದು ಹೋಲಿಕೆ ಕೊಡುತ್ತಾನೆ. ಬೆಸ್ತ ಒಂದು ಮೀನನ್ನೂ ಹಿಡಿಯದಿದ್ದರೂ ಪಾಪಿ, ರೈತನ ನೇಗಿಲಿಗೆ ಎಷ್ಟು ಹುಳ ಸಿಕ್ಕಿ ಸತ್ತರೂ ಅವನು ಪಾಪಿಯಲ್ಲ, ಉದ್ದೇಶ ಬೇರೆ. ತರ್ಕ ಚೊಕ್ಕವಾಗಿದೆ. ಆದರೆ ಬೆಸ್ತನ ಉದ್ದೇಶ ಏನೆಂದು ಅವನನ್ನು ಕೇಳಿದವರು ಯಾರು? ಬಲೆ ಬೀಸುವವನ ಮನಸ್ಸಿನಲ್ಲಿ ಮೀನಿನ ಸಾವಿತ್ತೋ ಮನೆಯ ಒಲೆಯಿತ್ತೋ? ರೈತನಿಗೆ ಸಿಕ್ಕ ಒಳಮನಸ್ಸಿನ ರಿಯಾಯಿತಿ ಬೆಸ್ತನಿಗೆ ಸಿಗಲಿಲ್ಲ. ಸಂಕಲ್ಪವನ್ನು ತೂಗುವ ತಕ್ಕಡಿ ಯಾರ ಕೈಯಲ್ಲಿದೆ ಎಂಬುದೂ ನೀತಿಯ ಪ್ರಶ್ನೆಯೇ.

ಜನ್ನ ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಬಿರುದು ಪಡೆದವನು. ‘ಯಶೋಧರ ಚರಿತೆ’ ಮುಗಿಸಿದ್ದು 1209ರಲ್ಲಿ. ಅವನ ಕಾವ್ಯದಲ್ಲೂ ತಕ್ಕಡಿ ಹೀಗೇ ವಾಲುತ್ತದೆ. ರಾಣಿ ಅಮೃತಮತಿ ರಾತ್ರಿ ತೇಲಿಬಂದ ಹಾಡಿಗೆ ಸೋತು, ಆನೆಲಾಯದ ಕುರೂಪಿ ಮಾವುತನಿಗೆ ಒಲಿಯುತ್ತಾಳೆ. ಆ ಸೋಲನ್ನು ಜನ್ನ ಎಷ್ಟು ಹತ್ತಿರದಿಂದ ಬರೆದಿದ್ದಾನೆಂದರೆ, ಓದುವವರು ತಾವೂ ಕಿವಿಗೊಟ್ಟು ನಿಲ್ಲುತ್ತಾರೆ. ಮುಂದೆ ಗಂಡನಿಗೂ ಅತ್ತೆಗೂ ವಿಷವಿಟ್ಟ ಅವಳು ನರಕಕ್ಕೆ ಹೋಗುತ್ತಾಳೆ. ವಿಷಕ್ಕೆ ಶಿಕ್ಷೆ ಆಗಲಿ, ಬೇಡವೆನ್ನುವುದಿಲ್ಲ. ಆದರೆ ರಾಜನ ಮನಸ್ಸನ್ನು ಹಿಟ್ಟಿನ ಕಣಕಣದಲ್ಲಿ ಜಾಲಿಸಿ ನೋಡುವ ಸಿದ್ಧಾಂತ, ರಾಣಿಯ ಮನಸ್ಸನ್ನು ಮಾತ್ರ ಕವಿಗೆ ಒಪ್ಪಿಸಿ ತಾನು ಕೈತೊಳೆದುಕೊಂಡಿತು. ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ದಲ್ಲಿ ಕೈಹಾಕಿದ್ದು ಇದೇ ತೆರಪಿನೊಳಕ್ಕೆ.

ಇನ್ನು ಕೋಳಿಯ ವಿಷಯ. ಹೆಂಡತಿಯ ಗುಟ್ಟು ಕಣ್ಣಾರೆ ಕಂಡ ಯಶೋಧರ ಕತ್ತಿ ಎತ್ತಿದವನು ತಡೆದುಕೊಳ್ಳುತ್ತಾನೆ. ಬೆಳಿಗ್ಗೆ ತಾಯಿ ಚಂದ್ರಮತಿಯ ಮುಂದೆ ಕೆಟ್ಟ ಕನಸು ಬಿತ್ತೆಂದು ಮರೆಮಾಚುತ್ತಾನೆ. ತಾಯಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಆಗದು ಎಂದರೆ, ಹಿಟ್ಟಿನದಾದರೂ ಸರಿ ಎನ್ನುತ್ತಾಳೆ. ಅಮ್ಮನ ಮಾತೂ ನಡೆಯಲಿ, ವ್ರತವೂ ಉಳಿಯಲಿ ಎಂದು ರಾಜ ಒಪ್ಪುತ್ತಾನೆ. ಬೊಂಬೆಯ ಚೆಲುವಿಗೆ ಮರುಳಾಗಿ ಬೆಂತರವೊಂದು ಒಳಹೊಕ್ಕಿದೆ. ಕತ್ತಿ ಬಿದ್ದೊಡನೆ ಕೋಳಿ ಕೂಗುತ್ತದೆ.

ಆ ಬೆಂತರ ಯಾಕೆ ಬೇಕಿತ್ತು? ಸಂಕಲ್ಪವೇ ಸಾಕೆಂಬ ಸಿದ್ಧಾಂತಕ್ಕೆ ಕೂಗುವ ಕೋಳಿಯ ಸಾಕ್ಷಿ ಬೇಡ. 1860ರ ಭಾರತೀಯ ದಂಡ ಸಂಹಿತೆಯೂ ಖಾಲಿ ಜೇಬಿಗೆ ಕೈಹಾಕಿದವನನ್ನು ಅಪರಾಧಿ ಎಂದೇ ಎಣಿಸಿತು. ಉದಾಹರಣೆ 511ನೇ ಕಲಮಿನಲ್ಲೇ ಇತ್ತು. ಅಲ್ಲಿ ಜೇಬು ಕೂಗಬೇಕಾಗಲಿಲ್ಲ. ಕತೆಗೆ ತನ್ನ ಸಿದ್ಧಾಂತದ ಮೇಲೆಯೇ ಪೂರ್ತಿ ನಂಬಿಕೆ ಇರಲಿಲ್ಲವೇನೋ ಎಂದು ಮೊದಲ ಓದಿನಲ್ಲಿ ಅನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಕೂಗು ಓದುಗರಿಗಾಗಿ ಬಂದದ್ದಲ್ಲ, ಯಶೋಧರನಿಗಾಗಿ. ಕತ್ತಿ ಬೀಸುವವರೆಗೆ ತಾನು ಬರೀ ಹಿಟ್ಟು ಕಡಿಯುತ್ತಿದ್ದೇನೆಂದು ಅವನು ನಿಜವಾಗಿಯೂ ನಂಬಿದ್ದ. ತೋಳಿನ ರಭಸ ಅವನಿಗೇ ಗೊತ್ತಾದದ್ದು ಕೂಗಿನಿಂದ. ಹಿಂದಿನ ರಾತ್ರಿ ಹೆಂಡತಿಯ ಮೇಲೆ ಬೀಳದ ಏಟು ಎಲ್ಲಿ ಹೋಗಿ ಬಿತ್ತು ಎಂಬುದೂ.

ಬದಲಿ ಬಲಿಯ ಬಗ್ಗೆ ನಮ್ಮ ನಾಡಿನಲ್ಲಿ ಎಲ್ಲರೂ ಇಷ್ಟು ಕಟುವಾಗಿರಲಿಲ್ಲ. ಜನ್ನನ ಶತಮಾನದಲ್ಲೇ ಬಂದ ಮಧ್ವಾಚಾರ್ಯರ ಪರಂಪರೆ ಯಜ್ಞದಲ್ಲಿ ಪಿಷ್ಟಪಶುವನ್ನು ಒಪ್ಪಿತು. ಹಿಟ್ಟಿನಿಂದ ಎಷ್ಟೋ ಆಡುಗಳ ಜೀವ ಉಳಿದಿದೆ. ಕರ್ನಾಟಕದ 1959ರ ಪ್ರಾಣಿಬಲಿ ತಡೆ ಕಾಯ್ದೆಗೂ ಹಿಟ್ಟಿನ ಕೋಳಿಯ ಗೊಡವೆ ಇಲ್ಲ. ಆಯುಧಪೂಜೆಯ ದಿನ ಬೂದುಗುಂಬಳವನ್ನು ಕೊರೆದು ಕುಂಕುಮ ತುಂಬಿ ಲಾರಿಯ ಮುಂದೆ ಒಡೆದಾಗ ಕೆಂಪು ಚೆಲ್ಲುವುದನ್ನು ನೋಡುತ್ತಾ ನಾನೂ ಚಪ್ಪಾಳೆ ತಟ್ಟಿದ್ದೇನೆ. ಉಳಿದ ಆಡಿನ ಕಡೆಯಿಂದ ನೋಡಿದರೆ ಜೈನರ ಹಟ ಅತಿಯೇ. ಅವರ ಲೆಕ್ಕ ಪೂರ್ತಿ ಕಡಿದವನದು, ಆಡಿನ ಪಾಲಿಗೆ ಅದರಲ್ಲಿ ಜಾಗ ಕಡಿಮೆ.

ಕಡಿದವನ ಲೆಕ್ಕದಲ್ಲೂ ಟೀಕಾಕಾರರು ಒಂದು ಸಾಲನ್ನು ಹಗುರಾಗಿ ದಾಟಿದ್ದಾರೆ ಎನ್ನುವುದು ನನ್ನ ಅನಿಸಿಕೆ. ಕೋಳಿಗಿಂತ ಮೊದಲು ಸುಳ್ಳೊಂದಿತ್ತು. ಕನಸು ಎನ್ನದೆ ನಡೆದದ್ದನ್ನು ಹೇಳಿದ್ದರೆ ಬಲಿಯ ಮಾತೇ ಏಳುತ್ತಿರಲಿಲ್ಲ. ಜೈನರಲ್ಲಿ ತಪ್ಪನ್ನು ಮುಚ್ಚಿಡದೆ ಗುರುವಿನ ಮುಂದೆ ಹೇಳಿಕೊಳ್ಳುವ ‘ಆಲೋಚನೆ’ಯ ಪದ್ಧತಿ ಇದೆ. ಯಶೋಧರ ಮರುಗಿದ, ವೈರಾಗ್ಯಕ್ಕೂ ಮನಸ್ಸು ಮಾಡಿದ. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ವಿಷ ಬಂತು. ಮಗ ನವಿಲಾಗಿ ತಾಯಿ ನಾಯಾಗಿ, ಮಗ ಮೀನಾಗಿ ತಾಯಿ ಮೊಸಳೆಯಾಗಿ ಹುಟ್ಟಿದರು, ಕೊನೆಗೆ ಇಬ್ಬರೂ ಕೋಳಿಗಳಾದರು. ಅಷ್ಟೂ ಜನ್ಮಗಳು ಮೂಕ ಪ್ರಾಣಿಗಳವು.

ಆಮೇಲೆ ಅವರು ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಾಗಿ ಹುಟ್ಟುತ್ತಾರೆ. ರಾಜಪುರದ ಚಂಡಮಾರಿಯ ಗುಡಿಯಲ್ಲಿ ಅವರನ್ನು ಬಲಿಗೆ ನಿಲ್ಲಿಸಲಾಗಿದೆ. ಮಾರಿದತ್ತ ರಾಜನ ಕೈಯಲ್ಲಿ ಕತ್ತಿ. ನೀವು ಯಾರೆಂದು ಕೇಳುತ್ತಾನೆ. ಹುಡುಗ ಈ ಸಲ ಕನಸೆನ್ನುವುದಿಲ್ಲ. ಮಾವುತನಿಂದ ಹಿಡಿದು ಹಿಟ್ಟಿನ ಕೋಳಿಯವರೆಗೆ, ಒಂದನ್ನೂ ಬಿಡದೆ ಹೇಳತೊಡಗುತ್ತಾನೆ.