ನಾಗಿಯ ಮನೆಗೆ ನೀರು ಬಿಟ್ಟವರು

ಗಿರೀಶ್ ಕಾಸರವಳ್ಳಿಯವರ 'ದ್ವೀಪ' 2002ರಲ್ಲಿ ಬಂದಾಗ ಅದನ್ನು ಹೆಣ್ಣಿನ ಕತೆಯಾಗಿ ನೋಡಿ ಮೆಚ್ಚಿದವರೇ ಹೆಚ್ಚು. ತಪ್ಪೇನಿಲ್ಲ. ಏರುವ ಅಣೆಕಟ್ಟಿನ ನೀರಿನ ನಡುವೆ ಮನೆ ಉಳಿಸಿಕೊಂಡವಳು ಸೌಂದರ್ಯ ಅಭಿನಯಿಸಿದ ನಾಗಿ. ಗಂಡ ಗಣಪ ಮಾತ್ರ ಎಲ್ಲವನ್ನೂ ದೇವರ ಕೃಪೆಗೆ ಒಪ್ಪಿಸಿಬಿಡುತ್ತಾನೆ. ಆದರೆ ಇಂದು ಚಿತ್ರ ನೋಡುವವರು ಆ ನೀರನ್ನೂ ವಿಚಾರಿಸಬೇಕಾಗಿದೆ.

ಏಕೆಂದರೆ ಅದಕ್ಕೀಗ 'ಶುದ್ಧ ಇಂಧನ' ಎಂಬ ಹೆಸರಿದೆ. ನೆಲ ಕೊರೆದು ತೆಗೆಯುವ ಅನಿಲ ಕೊಳಕು, ಹರಿಯುವ ನೀರು ಪರಿಶುದ್ಧ ಎಂಬ ತಕ್ಕಡಿ ಚಾಲ್ತಿಯಲ್ಲಿದೆ. ಅನಿಲದ ಪರ ವಕಾಲತ್ತು ನನ್ನದಲ್ಲ. ಕಲ್ಲಿದ್ದಲಿಗಿಂತ ವಾಸಿ ಎನ್ನುವವರು ಬಾವಿ, ಕೊಳವೆಗಳಿಂದ ಸೋರುವ ಮೀಥೇನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2014ರ ಜೂನ್‌ನಲ್ಲಿ ಆಂಧ್ರದ ಗೋದಾವರಿ ಬಯಲಿನ ನಗರಂ ಗ್ರಾಮದಲ್ಲಿ ಅನಿಲದ ಕೊಳವೆ ಸಿಡಿದು 20ಕ್ಕೂ ಹೆಚ್ಚು ಜನ ಸತ್ತರು. 2024ರಲ್ಲಿ ಯಲಹಂಕದ 370 ಮೆಗಾವಾಟ್ ಅನಿಲ ಸ್ಥಾವರ ಉದ್ಘಾಟನೆಯಾದಾಗ ಆ ಊರು ಯಾರಿಗೆ ನೆನಪಿತ್ತು?

ಇನ್ನೊಂದು ತಟ್ಟೆಯಲ್ಲಿ ಮಲೆನಾಡಿದೆ. ಭದ್ರೆಯ ಹಿನ್ನೀರಿನ ಅಂಚಿನ ನರಸಿಂಹರಾಜಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1960ರ ದಶಕದಲ್ಲಿ ಲಕ್ಕವಳ್ಳಿಯ ಅಣೆಕಟ್ಟೆ ತುಂಬಿದಾಗ ಊರು, ಗದ್ದೆಗಳು ಮುಳುಗಿದವು. ತರೀಕೆರೆಯಿಂದ ಬರುತ್ತಿದ್ದ ಸಣ್ಣ ರೈಲೂ ಇಲ್ಲವಾಯಿತು. ಆಮೇಲೆ ಕಾಡಿನ ರಕ್ಷಣೆಗಾಗಿಯೂ ಜನ ಎದ್ದರು. ಭದ್ರಾ ಅಭಯಾರಣ್ಯದ ಒಳಗಿದ್ದ 400ಕ್ಕೂ ಹೆಚ್ಚು ಕುಟುಂಬಗಳು 2002ರ ಆಸುಪಾಸಿನಲ್ಲಿ ಹೊರಬಂದವು. ಅವರಿಗೆ ಎಂ.ಸಿ. ಹಳ್ಳಿ, ಕೆಳಗೂರುಗಳಲ್ಲಿ ಜಮೀನಾದರೂ ಸಿಕ್ಕಿತು. ಅಣೆಕಟ್ಟೆಗಳಿಗೆ ಇಷ್ಟು ಸೌಜನ್ಯವೂ ಇರಲಿಲ್ಲ.

ಚಿತ್ರದ ಮೊದಲರ್ಧ ಇದನ್ನು ಚೆನ್ನಾಗಿ ಬಲ್ಲದು. ಪೂಜೆಯನ್ನೇ ನಂಬಿದ ದುಗ್ಗಜ್ಜನ ಮನೆಗೆ ಸಿಗುವ ಪರಿಹಾರ ಅವರ ಬದುಕಿಗೆ ಸಾಟಿಯಾಗುವುದಿಲ್ಲ. ಮೂಲ ಕಾದಂಬರಿ ಬರೆದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದವರು. ಕಡತದ ಒಳಹೊರಗು ಅವರಿಗೆ ಗೊತ್ತಿತ್ತು. ಆದರೆ ಕೃಷ್ಣ ಬಂದ ಮೇಲೆ ಚಿತ್ರ ಗಣಪನ ಸಂಶಯದ ಸುತ್ತ ತಿರುಗುತ್ತದೆ. ನೀರು ಮಳೆಗಾಲದ ವಿಪತ್ತಾಗುತ್ತದೆ, ಬಿಟ್ಟವರು ಮರೆಗೆ ಸರಿಯುತ್ತಾರೆ. ಇಷ್ಟು ದೊಡ್ಡ ಚಿತ್ರದಲ್ಲಿ ನನಗೆ ಕಂಡ ಕೊರತೆ ಇದು.

ಮರೆಗೆ ಸರಿದವರು ಸುಮ್ಮನೆ ಕೂತಿಲ್ಲ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಸಿದ್ಧವಾಗಿದೆ. ವಿದ್ಯುತ್ ಹೆಚ್ಚಿದ್ದಾಗ ನೀರನ್ನು ಮೇಲೆತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಡುವುದು. ಎತ್ತಲು ತಗಲುವಷ್ಟು ವಿದ್ಯುತ್ ಇಳಿಸುವಾಗ ಮರಳಿ ಬರುವುದಿಲ್ಲ. ಸೌರ ವಿದ್ಯುತ್ತಿಗೆ ಇಂಥ ಉಗ್ರಾಣ ಬೇಕೆಂಬುದು ನಿಜ. ಅದನ್ನು ಸಿಂಗಳೀಕಗಳ ಅಭಯಾರಣ್ಯದಲ್ಲೇ ಕಟ್ಟಬೇಕೇ? ಲಿಂಗನಮಕ್ಕಿಯಲ್ಲಿ ಮುಳುಗಿದವರ ಮಕ್ಕಳು ಮೊಮ್ಮಕ್ಕಳು 60 ವರ್ಷಗಳ ಬಳಿಕವೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವಾಗಲೇ ಅದೇ ಕಣಿವೆಗೆ ಈ ಯೋಜನೆ ಬಂದಿದೆ.