ಮೊದಲ ಸ್ಪರ್ಶದವರೆಗಿನ ವಿನಾಯಿತಿ

2022ರ ನವೆಂಬರ್ 20. ಕತಾರ್‌ನ ಅಲ್ ಬೈತ್ ಕ್ರೀಡಾಂಗಣದಲ್ಲಿ ವಿಶ್ವಕಪ್ ಶುರುವಾಗಿ ಕೆಲವೇ ನಿಮಿಷಗಳಾಗಿದ್ದವು. ಈಕ್ವೆಡಾರ್‌ಗೆ ಸಿಕ್ಕ ಫ್ರೀ ಕಿಕ್ ಪೆನಾಲ್ಟಿ ಆವರಣದೊಳಕ್ಕೆ ಇಳಿಯಿತು. ಕತಾರ್ ಗೋಲ್‌ಕೀಪರ್ ಸಾದ್ ಅಲ್ ಶೀಬ್ ಗೋಲು ಬಿಟ್ಟು ಮುನ್ನುಗ್ಗಿದರು. ಅವರ ಜೊತೆಗೇ ಈಕ್ವೆಡಾರ್‌ನ ಫೆಲಿಕ್ಸ್ ಟೋರೆಸ್ ಮೇಲೆ ಹಾರಿದರು. ಚೆಂಡು ಮೈಕೆಲ್ ಎಸ್ಟ್ರಾಡಾ ಕಡೆಗೆ ಹೋಗಿ, ಮತ್ತೆ ಟೋರೆಸ್ ಕಾಲಿಗೆ ಸಿಕ್ಕು, ಕೊನೆಗೆ ಎನ್ನರ್ ವಲೆನ್ಸಿಯಾ ಅವರ ತಲೆಯಿಂದ ಗೋಲಿನೊಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಗೋಲು ರದ್ದಾಯಿತು. ಎಸ್ಟ್ರಾಡಾ ಆಫ್‌ಸೈಡ್.

ಟಿವಿ ಮುಂದೆ ಕೂತ ಎಷ್ಟೋ ಜನರಿಗೆ ಇದು ಅನ್ಯಾಯವಾಗಿ ಕಂಡಿತು. ಎಸ್ಟ್ರಾಡಾಗಿಂತ ಹಿಂದೆ, ಗೋಲಿನ ಹತ್ತಿರ, ಕತಾರ್‌ನ ಒಬ್ಬ ಆಟಗಾರ ನಿಂತಿದ್ದನಲ್ಲ! ಆದರೆ ನಿಯಮ ಕೇಳುವುದು ಒಬ್ಬನನ್ನಲ್ಲ, ಇಬ್ಬರನ್ನು. ಸಾಮಾನ್ಯವಾಗಿ ಆ ಇಬ್ಬರಲ್ಲಿ ಒಬ್ಬ ಗೋಲ್‌ಕೀಪರ್ ಆಗಿರುವುದರಿಂದ ನಾವು ಉಳಿದ ಒಬ್ಬನನ್ನಷ್ಟೇ ಲೆಕ್ಕ ಹಾಕಿ ಸುಮ್ಮನಾಗುತ್ತೇವೆ. ಅಂದು ಕೀಪರ್ ಮುಂದೆ ಬಂದುಬಿಟ್ಟಿದ್ದರು. ಟೋರೆಸ್ ಚೆಂಡು ಮುಟ್ಟಿದ ಕ್ಷಣದಲ್ಲಿ ಎಸ್ಟ್ರಾಡಾ ಅವರ ಕಾಲು ಕೊನೆಯಿಂದ ಎರಡನೆಯ ಎದುರಾಳಿಯನ್ನು ದಾಟಿತ್ತು.

ಈಗ ಅದೇ ದೃಶ್ಯದಲ್ಲಿ ಫ್ರೀ ಕಿಕ್ ತೆಗೆದು ಕಾರ್ನರ್ ಕಿಕ್ ಇಟ್ಟುಕೊಳ್ಳಿ. ಕಾರ್ನರ್‌ಗೆ ಆಫ್‌ಸೈಡ್ ಇಲ್ಲ ಎಂದು ಮೈದಾನದ ಅಂಚಿನಲ್ಲಿ ನಿಂತ ಹುಡುಗನೂ ಹೇಳುತ್ತಾನೆ. ಹಾಗಿದ್ದರೂ ಆ ಗೋಲು ಉಳಿಯುತ್ತಿರಲಿಲ್ಲ. ಕಾರ್ನರ್, ಥ್ರೋ-ಇನ್, ಗೋಲ್ ಕಿಕ್ ಈ ಮೂರಕ್ಕೂ ಇರುವ ವಿನಾಯಿತಿ ಚೆಂಡನ್ನು ನೇರವಾಗಿ ಪಡೆದವನಿಗೆ ಮಾತ್ರ. ಜೊತೆಗಾರನೊಬ್ಬ ನಡುವೆ ಮುಟ್ಟಿದನೋ, ಆ ಸ್ಪರ್ಶದಿಂದಲೇ ಹೊಸ ಲೆಕ್ಕ ಶುರು. ಇಡೀ ನಿಯಮದಲ್ಲಿ ನನಗೆ ಅತ್ಯಂತ ಇಷ್ಟವಾಗುವ ಮಾತು ಈ ‘ನೇರವಾಗಿ’. ಶಾರ್ಟ್ ಕಾರ್ನರ್‌ನಲ್ಲಿ ಪದೇಪದೇ ಸಿಕ್ಕಿಬೀಳುವವನು ಕಾರ್ನರ್ ಹೊಡೆದವನೇ. ಹತ್ತಿರದ ಗೆಳೆಯನಿಗೆ ಚೆಂಡು ತಳ್ಳಿ ಅಲ್ಲೇ ಬಾವುಟದ ಬಳಿ ಉಳಿಯುತ್ತಾನೆ, ಅಷ್ಟರಲ್ಲಿ ಡಿಫೆಂಡರ್‌ಗಳು ಮುಂದೆ ಸರಿದಿರುತ್ತಾರೆ, ಚೆಂಡು ವಾಪಸ್ ಬಂದೊಡನೆ ಲೈನ್ಸ್‌ಮನ್‌ನ ಬಾವುಟ ಮೇಲೇಳುತ್ತದೆ.

ಕಾರ್ನರ್‌ಗೆ ಈ ರಿಯಾಯಿತಿ ಬಂದ ದಾರಿ ಸೊಗಸಾಗಿದೆ. 1872ರಲ್ಲಿ ಕಾರ್ನರ್ ಕಿಕ್ ಜಾರಿಗೆ ಬಂದಾಗ ಚೆಂಡನ್ನು ಬಾವುಟದ ಬುಡದಲ್ಲೇ ಇಡಬೇಕಿತ್ತು. ಗೋಲ್ ಲೈನ್ ಮೇಲಿರುವ ಚೆಂಡಿಗಿಂತ ಮುಂದೆ ಯಾರು ನಿಲ್ಲಲು ಸಾಧ್ಯ? ಹಾಗಾಗಿ ಆಫ್‌ಸೈಡ್ ಪ್ರಶ್ನೆಯೇ ಹುಟ್ಟಲಿಲ್ಲ. 1874ರಲ್ಲಿ ಬಾವುಟದಿಂದ ಒಂದು ಗಜದವರೆಗೆ ಇಡಬಹುದು ಎಂದಾಯಿತು. ಆ ಒಂದು ಗಜದ ಸಂದಿಯಲ್ಲಿ ಆಫ್‌ಸೈಡ್ ನುಸುಳಿತು. 1882ರ ಡಿಸೆಂಬರ್‌ನ ಅಂತರರಾಷ್ಟ್ರೀಯ ಸಭೆ ಅದನ್ನು ಮುಚ್ಚಿತು. ಮೊದಲಿನಿಂದ ಆಟದ ಸ್ವಭಾವದಲ್ಲಿ ಇದ್ದದ್ದನ್ನೇ ಕಾನೂನು ಬರೆದುಕೊಂಡಿತು, ಅಷ್ಟೇ. ಗೋಲ್ ಕಿಕ್‌ನ ವಿನಾಯಿತಿಯೂ ಒಳ್ಳೆಯದೇ. ಮುಂಚೂಣಿಯ ಆಟಗಾರ ಡಿಫೆಂಡರ್‌ಗಳ ಬೆನ್ನ ಹಿಂದೆ ಹೋಗಿ ನಿಲ್ಲಬಹುದಾದ್ದರಿಂದ ಎದುರಾಳಿಗಳು ಹಿಂದೆ ಸರಿಯಬೇಕಾಗುತ್ತದೆ, ಮೈದಾನ ಉದ್ದವಾಗುತ್ತದೆ. ಕಿಕ್-ಆಫ್, ಪೆನಾಲ್ಟಿಗಳಲ್ಲಿ ಆಟಗಾರರು ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತಾಗಿರುವುದರಿಂದ ತಕರಾರು ಬರುವುದೇ ಅಪರೂಪ.

ಫ್ರೀ ಕಿಕ್‌ಗೆ ಮಾತ್ರ ಈ ದಯೆ ಇಲ್ಲ, ನೇರದ್ದಿರಲಿ, ಪರೋಕ್ಷದ್ದಿರಲಿ. ಏಟು ತಿಂದ ತಂಡಕ್ಕೆ ಪರಿಹಾರವಾಗಿ ಸಿಕ್ಕ ಚೆಂಡಿಗೆ ಯಾಕೆ ನಿರ್ಬಂಧ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನಲ್ಲೇ ಇದಕ್ಕೆ ಉತ್ತರ ಸಿಕ್ಕಿದೆ. 1987–88ರ ಋತುವಿನಲ್ಲಿ ಅಲ್ಲಿನ ಕಾನ್ಫರೆನ್ಸ್ ಲೀಗ್‌ನಲ್ಲಿ ಫ್ರೀ ಕಿಕ್‌ನಿಂದ ನೇರವಾಗಿ ಚೆಂಡು ಪಡೆದವನಿಗೆ ಆಫ್‌ಸೈಡ್ ಬೇಡವೆಂದು ಪ್ರಯೋಗ ಮಾಡಿದರು. ಎಲ್ಲಿ ಫೌಲ್ ಆದರೂ ಆಕ್ರಮಣ ಮಾಡುವವರು ಪೆನಾಲ್ಟಿ ಆವರಣದೊಳಗೆ ಗುಂಪುಗೂಡಿದರು, ಕೀಪರ್ ಮೂಗಿನ ಮುಂದೆಯೇ ಸಾಲಾಗಿ ನಿಂತರು. ಪ್ರಯೋಗವನ್ನು ಕೈಬಿಟ್ಟರು. ಬಿಟ್ಟದ್ದು ಸರಿಯೆಂದು ನಾನು ಮನಸಾರೆ ನಂಬುತ್ತೇನೆ. ಫ್ರೀ ಕಿಕ್‌ಗೆ ಮುನ್ನ ಡಿಫೆಂಡರ್‌ಗಳು ಗೋಲಿನಿಂದ ಇಪ್ಪತ್ತು ಗಜ ದೂರದಲ್ಲಿ ಗೆರೆ ಎಳೆದ ಹಾಗೆ ನಿಲ್ಲುತ್ತಾರೆ. ಆ ಗೆರೆಯ ಮೇಲೆಯೇ ಮುಂಚೂಣಿಯ ಆಟಗಾರ ಕಾಯುತ್ತಾನೆ. ಕಾಲು ಚೆಂಡಿಗೆ ತಾಗುವ ಕ್ಷಣಕ್ಕಿಂತ ಮೊದಲು ಹೊರಟರೆ ಕೆಟ್ಟ, ತಡವಾದರೆ ಚೆಂಡು ಸಿಗದು. ಕೀಪರ್ ಮತ್ತು ಗೆರೆಯ ನಡುವಿನ ಆ ಖಾಲಿ ಜಾಗಕ್ಕೆ ಎರಡೂ ಕಡೆಯವರು ಒಟ್ಟಿಗೆ ಓಡುವುದನ್ನು ನೋಡುವುದೇ ಒಂದು ಸುಖ. ಆಫ್‌ಸೈಡ್ ತೆಗೆದರೆ ಆ ಜಾಗವೂ ಹೋಗುತ್ತದೆ, ಓಟವೂ ಹೋಗುತ್ತದೆ.

ಬೆಂಗಳೂರಿನವರಿಗೆ ಫ್ರೀ ಕಿಕ್ ಎಂದರೆ 2023ರ ಮಾರ್ಚ್ 3 ನೆನಪಾಗದೆ ಇರದು. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟಿಕೊಳ್ಳುವ ಮೊದಲೇ ಸುನಿಲ್ ಛೆಟ್ರಿ ಚೆಂಡನ್ನು ಗೋಲಿಗೆ ಕಳಿಸಿದರು, ಕೇರಳ ತಂಡ ಮೈದಾನ ಬಿಟ್ಟು ಹೊರನಡೆಯಿತು. ಜಗಳವೆಲ್ಲ ಸೀಟಿ ಮತ್ತು ಗೋಡೆಯ ಸುತ್ತ ನಡೆಯಿತು. ಚೆಂಡು ಇನ್ನೊಬ್ಬನ ಕಾಲಿಗೆ ಹೋಗದೆ ನೇರ ಗೋಲು ಸೇರಿದ್ದರಿಂದ ಆಫ್‌ಸೈಡ್ ಮಾತು ಬರಲಿಲ್ಲ. ಆದರೆ ಅಂಥ ಹೊಡೆತದಲ್ಲೂ ಆಫ್‌ಸೈಡ್ ಜಾಗದಲ್ಲಿರುವ ಜೊತೆಗಾರ ಕೀಪರ್‌ನ ನೋಟಕ್ಕೆ ಅಡ್ಡ ನಿಂತರೆ, ಚೆಂಡು ಮುಟ್ಟದಿದ್ದರೂ ಅಪರಾಧವೇ.

ನನ್ನ ತಕರಾರು ಇರುವುದು ಥ್ರೋ-ಇನ್ ಬಗ್ಗೆ. 1920ರಲ್ಲಿ ಅದಕ್ಕೂ ವಿನಾಯಿತಿ ಕೊಟ್ಟರು. ಮೈದಾನಕ್ಕೆ ಮುಖ ಮಾಡಿ, ಎರಡು ಕೈಯಿಂದ, ತಲೆಯ ಮೇಲಿಂದ ಎಸೆಯುವವನಿಗೆ ದಾರಿಗಳೇ ಕಡಿಮೆ. ಅವನಿಗೆ ಒಂದಿಷ್ಟು ಅನುಕೂಲ ಇರಲಿ ಎನ್ನುವುದು ನ್ಯಾಯವೇ. ಆದರೆ 2008ರ ನವೆಂಬರ್‌ನಲ್ಲಿ ಸ್ಟೋಕ್ ಸಿಟಿ ಆರ್ಸೆನಲ್ ತಂಡವನ್ನು 2–1ರಿಂದ ಸೋಲಿಸಿದಾಗ ಸ್ಟೋಕ್‌ನ ಎರಡೂ ಗೋಲುಗಳು ರೋರಿ ಡೆಲಪ್ ಎಸೆತಗಳಿಂದ ಬಂದವು. ಗೋಲಿನ ಬಾಯಿಗೇ ಚಪ್ಪಟೆಯಾಗಿ ಹಾರಿ ಬರುವ ಆ ಎಸೆತ ಫ್ರೀ ಕಿಕ್‌ನ ಕೆಲಸವನ್ನೇ ಮಾಡುತ್ತದೆ. ಫ್ರೀ ಕಿಕ್‌ಗೆ ಬೇಡವೆಂದು ಬಿಟ್ಟ ಸ್ವಾತಂತ್ರ್ಯ ಇದಕ್ಕೆ ಪೂರ್ತಿಯಾಗಿದೆ: ಕೀಪರ್‌ಗೆ ಅಂಟಿಕೊಂಡು ಎಷ್ಟು ಜನ ಬೇಕಾದರೂ ನಿಲ್ಲಬಹುದು. ಥ್ರೋ-ಇನ್‌ನಿಂದ ನೇರವಾಗಿ ಗೋಲು ಹೊಡೆಯುವಂತಿಲ್ಲ, ಅಷ್ಟು ಸಾಕಲ್ಲ ಎನ್ನಬಹುದು. ನನಗೆ ಸಾಲದು. ಎಸೆದ ಚೆಂಡನ್ನು ಪೆನಾಲ್ಟಿ ಆವರಣದ ಹೊರಗೆ ಪಡೆದವನಿಗೆ ವಿನಾಯಿತಿ ಹಾಗೆಯೇ ಇರಲಿ. ಒಳಗೆ ಪಡೆದವನಿಗೆ ಫ್ರೀ ಕಿಕ್‌ನ ನಿಯಮವೇ ಅನ್ವಯವಾಗಲಿ; ಡಿಫೆಂಡರ್‌ಗಳಿಗೆ ಗೆರೆ ಎಳೆದು ನಿಲ್ಲುವ ಅವಕಾಶ ಅಲ್ಲಿಯೂ ಸಿಗಲಿ.